ಬಾಗಿಲಿನ ಮೇಲಂಚು

ಆ ಊರಿನಲ್ಲಿ ಮನೆಗೆ ಬಣ್ಣ ಹೊಡೆಸಬೇಕು ಅಂದರೆ ಜನರ ಬಾಯಿಗೆ ಬರುತ್ತಿದ್ದುದು ಇಬ್ಬರೇ: ದೊಡ್ಡ ಪೇಂಟರ್, ಚಿಕ್ಕ ಪೇಂಟರ್. ಒಡಹುಟ್ಟಿದವರು. ಒಂದೇ ಅಂಗಡಿ, ಒಂದೇ ಏಣಿ. ಚಿಕ್ಕ ಪೇಂಟರಿಗೆ ಐವತ್ತಾರು ತುಂಬಿತ್ತು, ಇಬ್ಬರು ಮೊಮ್ಮಕ್ಕಳಿದ್ದರು, ತಲೆಯ ಮೇಲೆ ಕೂದಲಿಗಿಂತ ಬಣ್ಣದ ಹನಿಗಳೇ ಹೆಚ್ಚಿದ್ದವು. ಆದರೂ ಚಿಕ್ಕವನು ಚಿಕ್ಕವನೇ. ಎದುರು ಅಂಗಡಿಯ ದರ್ಜಿ ದಿನಾ ಬೆಳಗ್ಗೆ "ಏನು ಚಿಕ್ಕವರೇ, ದೊಡ್ಡವರು ಬಂದ್ರಾ?" ಎಂದೇ ಮಾತಾಡಿಸುತ್ತಿದ್ದ. ತಾನು ಬಂದಿರುವುದು ದರ್ಜಿಯ ಕಣ್ಣಿಗೆ ಬೀಳುವುದೇ ಇಲ್ಲವಲ್ಲ ಎಂದು ಚಿಕ್ಕ ಪೇಂಟರ್ ಮೂವತ್ತು ವರ್ಷಗಳಿಂದ ಹಲ್ಲು ಕಡಿಯುತ್ತಿದ್ದ.

ಅವನಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಇಂದು ನಿನ್ನೆಯದಲ್ಲ, ಅಣ್ಣನ ಹಳೇ ಅಂಗಿಯ ತೋಳು ಮಡಚಿ ತೊಟ್ಟು ಶಾಲೆಗೆ ಹೋದ ದಿನದಿಂದ ಇದ್ದದ್ದು. ಅಂಗಿಯಾದ ಮೇಲೆ ಸೈಕಲ್ಲು, ಸೈಕಲ್ಲಾದ ಮೇಲೆ ಬ್ರಷ್ಷು. ಅಪ್ಪನೂ ಪೇಂಟರೇ. ಹೊಸ ಬ್ರಷ್ ತಂದರೆ ದೊಡ್ಡವನ ಕೈಗೆ ಕೊಡುತ್ತಿದ್ದ. ಅದು ಸವೆದು ಅರ್ಧವಾದ ಮೇಲೆ ಚಿಕ್ಕವನಿಗೆ. ಸವೆದ ಬ್ರಷ್ಷಿನಲ್ಲಿ ಅಂಚು ಎಷ್ಟು ನೇರವಾಗಿ ಬರುತ್ತದೆ ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಗೊತ್ತಾದರೇನು, ಕೊಟ್ಟದ್ದು ಸವೆದದ್ದೇ ತಾನೇ.

ಇನ್ನೊಂದು ಸಂಗತಿ ಇತ್ತು, ಮನೆಯವರಿಗೆ ಮಾತ್ರ ಗೊತ್ತಿದ್ದದ್ದು. ದೊಡ್ಡ ಪೇಂಟರಿಗೆ ಬಣ್ಣ ಬೆರೆಸಲು ಬರುತ್ತಿರಲಿಲ್ಲ. ಕೈ ಬಲು ಚೊಕ್ಕ, ಒಂದು ತೊಟ್ಟು ಬಣ್ಣ ನೆಲಕ್ಕೆ ಬೀಳದು, ಗಿರಾಕಿಗಳ ಹತ್ತಿರ ಮಾತೂ ಬೆಣ್ಣೆ. ಆದರೆ ಎರಡು ಬೂದುಬಣ್ಣ ಪಕ್ಕಪಕ್ಕ ಇಟ್ಟರೆ ಯಾವುದು ನಿನ್ನೆಯದು, ಯಾವುದು ಇವತ್ತಿನದು ಎಂದು ಹೇಳಲಾರ. ಒಮ್ಮೆ ತಮ್ಮ ಜ್ವರ ಬಂದು ಮಲಗಿದ್ದಾಗ ಶಾಲೆಯ ಗೋಡೆಗೆ ತಾನೇ ಬೆರೆಸಿ ಬಳಿದ. ಬಾಗಿಲಿನ ಎಡಕ್ಕೆ ಒಂದು ಹಳದಿ, ಬಲಕ್ಕೆ ಇನ್ನೊಂದು ಹಳದಿ. ಮರುದಿನ ತಮ್ಮ ಕಂಬಳಿ ಹೊದ್ದುಕೊಂಡೇ ಬಂದು ಎರಡು ಡಬ್ಬಿ ಬೆರೆಸಿ ಸರಿಮಾಡಿಕೊಟ್ಟ. ಹೆಡ್ಮಾಸ್ತರು ಗೋಡೆ ನೋಡಿ, "ದೊಡ್ಡ ಪೇಂಟರ್ ಕೈ ಅಂದ್ರೆ ಕೈ ಕಣ್ರಿ" ಎಂದರು. ಅಣ್ಣ ನಕ್ಕು ಸುಮ್ಮನಾದ. ಆ ನಗು ಇವತ್ತಿಗೂ ಚಿಕ್ಕ ಪೇಂಟರಿನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಇದೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಉಳಿದದ್ದು ಮೇಲಿನ ಬಿಡಾರ.

ಊರ ಹಿಂದಿನ ಬೆಟ್ಟದ ಮೇಲೆ, ಎರಡೂ ಕಡೆಯ ಕಣಿವೆ ಕಾಣುವ ಜಾಗದಲ್ಲಿ, ಇನ್ನೂರು ವರ್ಷ ಹಳೆಯ ಒಂದು ಮರದ ಮನೆ ಇದೆ. ಬೆಟ್ಟ ದಾಟುವವರು ಹಿಮಗಾಳಿಗೆ ಸಿಕ್ಕಿದರೆ ಉಳಿದುಕೊಳ್ಳಲು ಕಟ್ಟಿದ್ದು. ಗೋಡೆಯ ದಿಮ್ಮಿಗಳು ಬಿಸಿಲಿಗೂ ಚಳಿಗೂ ಕಪ್ಪಾಗಿವೆ, ಅವಕ್ಕೆ ಬಣ್ಣವಿಲ್ಲ. ಬಣ್ಣ ಇರುವುದು ಹನ್ನೆರಡು ಕಿಟಕಿಗಳ ಇಪ್ಪತ್ತನಾಲ್ಕು ಕದಗಳಿಗೆ, ಒಂದು ಬಾಗಿಲಿಗೆ. ಕೆಂಪು. ಸುತ್ತ ಎಲ್ಲ ಬೆಳ್ಳಗಿರುವಾಗ ದಾರಿ ತಪ್ಪಿದವನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ಕೆಂಪು. ಅದು ಡಬ್ಬಿಯಲ್ಲಿ ಸಿಗುವುದಿಲ್ಲ. ಕೆಮ್ಮಣ್ಣಿನ ಪುಡಿ, ಚಿಟಿಕೆ ಕಪ್ಪು, ಅಗಸೆ ಎಣ್ಣೆ ಸೇರಿಸಿ ಅಲ್ಲೇ ಬೆರೆಸಬೇಕು, ಅದೂ ಹಿಮ ಕರಗುವ ಮುಂಚೆ. ಅಂಗಡಿಯ ನೆರಳಲ್ಲಿ ಚೆಂದ ಕಂಡ ಕೆಂಪು ಹಿಮದ ಬೆಳಕಿಗೆ ಹೋದರೆ ಮಣ್ಣಿನಂತೆ ಮಂಕಾಗುತ್ತದೆ. ಬಿಡಾರದ ಸಮಿತಿಯವರು ಏಳು ವರ್ಷಕ್ಕೊಮ್ಮೆ ಬಣ್ಣ ಮಾಡಿಸುತ್ತಾರೆ. ಅಪ್ಪ ನಾಲ್ಕು ಸಲ ಮಾಡಿದ. ಆಮೇಲೆ ಮೂರು ಸಲ ದೊಡ್ಡ ಪೇಂಟರ್. ಅಂದರೆ, ಬಳಿದದ್ದು ಅವನು. ಬೆರೆಸಿದ್ದು ಯಾರು ಎಂದು ಬೇರೆ ಹೇಳಬೇಕೆ.

ಅಲ್ಲಿ ಒಂದು ರೂಢಿ. ಎಲ್ಲ ಮುಗಿದ ಮೇಲೆ ಬಾಗಿಲು. ಅದನ್ನು ತಿರುಗಣಿಯಿಂದ ಎತ್ತಿ ಇಳಿಸಿ, ಬಣ್ಣ ಹೊಡೆದು, ಒಣಗಿದ ಮೇಲೆ ಅದರ ಬಣ್ಣ ಹಚ್ಚದ ಮೇಲಂಚಿನಲ್ಲಿ ಅದೇ ಕೆಂಪಿನಿಂದ ಇಸವಿ ಮತ್ತು ಪೇಂಟರಿನ ಹೆಸರು ಬರೆದು ಮತ್ತೆ ಕೂರಿಸುವುದು. ಬಾಗಿಲು ಕೂತಿತೆಂದರೆ ಇನ್ನು ಏಳು ವರ್ಷ ಆ ಹೆಸರು ಯಾರ ಕಣ್ಣಿಗೂ ಬೀಳದು. ಹಾಗಿದ್ದರೂ, ಅಥವಾ ಹಾಗಿರುವುದರಿಂದಲೇ, ಚಿಕ್ಕ ಪೇಂಟರಿಗೆ ಆ ಅಂಚಿನ ಮೇಲೆ ಪ್ರಾಣ. ಮೂರು ಸಲವೂ ಬರೆಯುವ ಹೊತ್ತಿಗೆ ಸರಿಯಾಗಿ ಅಣ್ಣ, "ಡಬ್ಬಿ ತಗೊಂಡು ಹೋಗಿ ತೊರೆಯಿಂದ ನೀರು ತಗೊಂಡು ಬಾರೋ" ಎನ್ನುತ್ತಿದ್ದ. ಇವನು ನೀರು ತರುವಷ್ಟರಲ್ಲಿ ಮೇಲಂಚಿಗೆ ಗೋಣಿ ಸುತ್ತಿ ಆಗಿರುತ್ತಿತ್ತು, ಪೆಟ್ಟಾಗದಿರಲಿ ಅಂತ. ಇಳಿಸುವಾಗಲೂ ಕೂರಿಸುವಾಗಲೂ ಅಣ್ಣ ಮೇಲ್ತುದಿ ಹಿಡಿಯುವುದು, ತಮ್ಮ ಕೆಳತುದಿ; ಇಳಿಸಿದ ಕೂಡಲೇ ಆ ಅಂಚಿಗೆ ಅಣ್ಣ ಗೋಣಿ ಸುತ್ತಿಬಿಡುತ್ತಿದ್ದ. ಗೋಣಿ ಸರಿಸಿ ಒಮ್ಮೆ ನೋಡಬಹುದಿತ್ತು. ನೋಡಲಿಲ್ಲ. ತಾನು ಬೆರೆಸಿದ ಕೆಂಪಿನಲ್ಲಿ ಅಣ್ಣನ ಹೆಸರು ದುಂಡಗೆ ಕೂತಿರುವುದನ್ನು ನೋಡಿ ಯಾವ ಸುಖ ಪಡಬೇಕಿತ್ತು?

ಈ ಸಲ ಏಳು ವರ್ಷ ತುಂಬಿದಾಗ ಅಣ್ಣನ ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಡಾಕ್ಟರು ಏಣಿ ಹತ್ತಬಾರದು ಎಂದಿದ್ದರು. ಸಮಿತಿಯ ಕಾಗದ ಬಂದ ದಿನ ಚಿಕ್ಕ ಪೇಂಟರ್ ಮುಖ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಅಂಗಡಿಗೆ ಹೋದ. ಅಣ್ಣ ಕಾಗದ ಓದಿ, ಮಡಚಿ, ಮಗಳ ಕಡೆ ನೋಡಿದ. ಮೂವತ್ತರ ಹೆಣ್ಣುಮಗಳು, ಎಂಟು ವರ್ಷದಿಂದ ಅವರ ಜೊತೆಗೇ ಕೆಲಸ ಮಾಡುತ್ತಿದ್ದಳು.

"ಈ ಸಲ ಇವಳು ವಹಿಸ್ಕೊಳ್ಲಿ. ನೀನು ಜೊತೆಗೆ ಹೋಗೋ," ಎಂದ ಅಣ್ಣ.

ಜೊತೆಗೆ! ಚಿಕ್ಕ ಪೇಂಟರಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಅಂಗಿ, ಅಣ್ಣನ ಬ್ರಷ್ಷು ಆಯಿತು, ಈಗ ಅಣ್ಣನ ಮಗಳ ಕೈಕೆಳಗೆ ಡಬ್ಬಿ ಹಿಡಿಯುವುದೊಂದು ಬಾಕಿ ಇತ್ತು. "ಆಯ್ತು" ಎಂದ, ಏಕೆಂದರೆ ಅಣ್ಣನಿಗೆ ಇಲ್ಲ ಎನ್ನುವುದು ಅವನಿಗೆ ಅಭ್ಯಾಸವಿರಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಎಸೆದ.

"ಏನ್ರೀ ಆಯ್ತು?" ಎಂದಳು ಹೆಂಡತಿ. ಹೇಳಿದ. ಅವಳು ಒಲೆಯ ಮೇಲಿದ್ದ ಪಾತ್ರೆ ಕೆಳಗಿಳಿಸಿ, "ಇದನ್ನ ನಿಮ್ಮ ಹೊಟ್ಟೆ ಮೇಲೆ ಇಡ್ತೀನಿ ಬನ್ನಿ. ಗ್ಯಾಸ್ ಆದ್ರೂ ಉಳೀಲಿ," ಎಂದಳು. ಆಮೇಲೆ ಮೆತ್ತಗಿನ ದನಿಯಲ್ಲಿ, "ಅವಳ ಮೇಲೆ ಯಾಕ್ರೀ ಕೋಪ? ಅವಳೇನು ಮಾಡಿದ್ದಾಳೆ ಪಾಪ," ಎಂದಳು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಉರಿ ಇನ್ನಷ್ಟು ಹೆಚ್ಚಾಯಿತು.

ಬಿಡಾರ ಮುಟ್ಟಿದಾಗ ಮಧ್ಯಾಹ್ನ. ಕಣ್ಣು ಬಿಡಲಾಗದಷ್ಟು ಬೆಳ್ಳಗೆ ಹಿಮ. ಬಿಡಾರ ನೋಡಿಕೊಳ್ಳುವ ಹೆಂಗಸು ಬಾಗಿಲಿನಿಂದ ತೊರೆಯವರೆಗೆ ಸಲಿಕೆಯಲ್ಲಿ ದಾರಿ ಮಾಡಿಟ್ಟಿದ್ದಳು. ಮರುದಿನವೆಲ್ಲ ಕದಗಳನ್ನು ಉಜ್ಜಿ ತಿಕ್ಕಿ ಹಳೇ ಬಣ್ಣದ ಹಕ್ಕಳೆ ತೆಗೆದರು. ಮೂರನೆಯ ದಿನ ಬೆರೆಸುವ ಕೆಲಸ. ಅಣ್ಣನ ಮಗಳು ಕೆಮ್ಮಣ್ಣಿನ ಚೀಲ ತಂದು ಅವನ ಮುಂದಿಟ್ಟಳು.

"ಚಿಕ್ಕಪ್ಪ, ನೀವೇ ಬೆರೆಸಿ. ನಿಮ್ಮ ಕಣ್ಣು ನಂಗಿಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳು ಬ್ರಷ್ ಎತ್ತಿಕೊಳ್ಳುತ್ತ, "ಅಪ್ಪ ಹೇಳಿದ್ದಾರೆ, ಡ್ರೈಯರ್ ಒಂದು ಡಬ್ಬಿಗೆ ಎರಡು ಮುಚ್ಚಳ ಸಾಕಂತೆ," ಎಂದಳು.

ಡ್ರೈಯರ್ ಅಂದರೆ ಎಣ್ಣೆಬಣ್ಣ ಬೇಗ ಒಣಗಲೆಂದು ಹಾಕುವ ನೀರಿನಂಥದ್ದು. ಆ ಎರಡು ಮುಚ್ಚಳದ ಲೆಕ್ಕ ಕಂಡುಹಿಡಿದವನೇ ಚಿಕ್ಕ ಪೇಂಟರ್, ಇಪ್ಪತ್ತೊಂದು ವರ್ಷದ ಹಿಂದೆ, ಇದೇ ಕಟ್ಟೆಯ ಮೇಲೆ ಕೂತು. ಈಗ ಅದೂ ಅಣ್ಣನದಾಯಿತು! ಅವನು ಮರದ ಚೂರಿಗೆ ಕೆಂಪು ಹಚ್ಚಿ, ಹಿಮದೆದುರು ಹಿಡಿದು, ಅರ್ಧ ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಚಿಟಿಕೆ ಕಪ್ಪು. ಮತ್ತೆ ನೋಡಿದ. ಬಣ್ಣ ಬಂತು, ಅಪ್ಪನ ಕಾಲದ್ದೇ ಬಣ್ಣ. ಆಮೇಲೆ ಡ್ರೈಯರ್ ಬಾಟಲಿ ಕೈಗೆತ್ತಿಕೊಂಡ. ಅವಳು ಬೆನ್ನು ಹಾಕಿ ಏಣಿ ಸರಿಸುತ್ತಿದ್ದಳು. ಮುಚ್ಚಳ ಬಿಚ್ಚಿದ, ಹಾಗೇ ತಿರುಗಿಸಿ ಮುಚ್ಚಿದ, ಕೆಳಗಿಟ್ಟ. ಅದರ ಬದಲು ಎಣ್ಣೆಯನ್ನೇ ಇನ್ನೊಂದು ಸೌಟು ಹೆಚ್ಚು ಸುರಿದ.

ಲೆಕ್ಕ ಸರಳವಾಗಿತ್ತು. ಬಣ್ಣ ಒಣಗುವುದಿಲ್ಲ. ಹುಡುಗಿಗೆ ಕೆಲಸ ಬರುವುದಿಲ್ಲ ಎಂದು ಸಮಿತಿಯವರಿಗೆ ಗೊತ್ತಾಗುತ್ತದೆ. "ಚಿಕ್ಕ ಪೇಂಟರೇ, ನೀವೇ ವಹಿಸಿಕೊಂಡು ಸರಿಮಾಡಿ" ಎಂದು ಕಾಗದ ಬರುತ್ತದೆ. ಆಗ ಬಾಗಿಲಿನ ಮೇಲಂಚು ಯಾರದ್ದು?

ಆ ದಿನ ಇಬ್ಬರೂ ಇಪ್ಪತ್ತನಾಲ್ಕು ಕದ ಬಳಿದು ಮುಗಿಸಿದರು. ಅವಳ ಕೈ ದೊಡ್ಡ ಪೇಂಟರಿನ ಕೈಯೇ. ನೋಡಿದಷ್ಟೂ ಅವನಿಗೆ ಸಂಕಟ. ಮರುದಿನ ಬೆಳಗ್ಗೆ ಗಾಳಿ ಎದ್ದು ಹಿಮದ ಪುಡಿಯನ್ನು ಹಾರಿಸಿ ಗೋಡೆಗೆ ಬಡಿಯಿತು. ಗಾಳಿ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಕೆಂಪು ಕದಗಳೆಲ್ಲ ಹಿಟ್ಟಿನಲ್ಲಿ ಹೊರಳಿದಂತಿದ್ದವು. ಅವಳು ಬೆರಳಿಟ್ಟು ನೋಡಿದಳು. ಬೆರಳು ಅಂಟಿತು. ಹಿಮ ಕರಗಿದ ಕಡೆ ಕೆಂಪು ನೀರು ದಿಮ್ಮಿಗಳ ಮೇಲೆ ಸಣ್ಣಗೆ ಇಳಿಯುತ್ತಿತ್ತು.

ಬಿಡಾರದ ಹೆಂಗಸು ಕೈಯಲ್ಲಿ ಸಲಿಕೆ ಹಿಡಿದು ನಿಂತು, "ಅಯ್ಯೋ, ಇನ್ನೂರು ವರ್ಷದ ಗೋಡೆ," ಎಂದಳು. ಅಷ್ಟೇ ಎಂದದ್ದು.

ಚಿಕ್ಕ ಪೇಂಟರ್ ಕಾದಿದ್ದ ಗಳಿಗೆ ಇದೇ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಅಣ್ಣನ ಮಗಳು ಅವನನ್ನು ಬೈಯುತ್ತಾಳೆ, ಆಗ ತಾನೂ ಎರಡು ಮಾತು ಬೈಯಬಹುದು ಎಂದುಕೊಂಡಿದ್ದ. ಅವಳು ಕಟ್ಟೆಯ ಮೇಲೆ ಕುಸಿದು ಕೂತು, "ನಂದೇ ತಪ್ಪು ಚಿಕ್ಕಪ್ಪ. ಚಳಿ ಜಾಸ್ತಿ ಇತ್ತು, ಒಂದು ದಿನ ಕಾಯ್ಬೇಕಿತ್ತು. ನಿಮ್ಮ ಬಣ್ಣಾನೂ ಹಾಳು ಮಾಡ್ಬಿಟ್ಟೆ," ಎಂದು ಅಳತೊಡಗಿದಳು. ಬೆಂಕಿ ಹಚ್ಚಿ ಚಳಿ ಕಾಯಿಸಿಕೊಳ್ಳಲು ಹೋದವನ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು.

ಅಡುಗೆಮನೆಯ ಗೋಡೆಗೆ ಒಂದು ಫೋನ್ ಇತ್ತು. ಅವಳು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅತ್ತ ಕಡೆಯಿಂದ ಒಂದು ಪ್ರಶ್ನೆ ಬಂತು. "ಚಿಕ್ಕಪ್ಪನೇ ಬೆರೆಸಿದ್ದು" ಎಂದಳು. ಆಮೇಲೆ ರಿಸೀವರನ್ನು ಅವನತ್ತ ಚಾಚಿದಳು. "ನಿಮ್ಮ ಹತ್ರ ಮಾತಾಡ್ಬೇಕಂತೆ." ಮೂಗು ಒರೆಸಿಕೊಳ್ಳುತ್ತ ಹೊರಗೆ ಹೋದಳು.

"ಅಣ್ಣಾ, ಇಲ್ಲಿ ಚಳಿ ಸಿಕ್ಕಾಪಟ್ಟೆ. ಬಣ್ಣ ಹಿಡೀಲಿಲ್ಲ. ಒಂದೊಂದು ಸಲ ಎಂಥವರ ಕೈಯೂ ತಪ್ಪುತ್ತೆ," ಎಂದ ಚಿಕ್ಕ ಪೇಂಟರ್.

"ತಪ್ಪುತ್ತೆ. ನಂದು ತಪ್ಪುತ್ತೆ, ಅಪ್ಪಂದೂ ತಪ್ಪಿತ್ತು. ನಿಂದು ತಪ್ಪಲ್ಲ," ಎಂದ ಅಣ್ಣ. ದನಿಯಲ್ಲಿ ಕೋಪವಿರಲಿಲ್ಲ. "ನಲವತ್ತು ವರ್ಷ ನೋಡಿದ್ದೀನಿ. ಬಣ್ಣ ಬೆರೆಸೋದ್ರಲ್ಲಿ ನಿನ್ನ ಕೈ ಒಂದೇ ಒಂದು ಸಲ ತಪ್ಪಿಲ್ಲ. ಹಾಗಾದ್ರೆ ಇದನ್ನ ಬೇಕಂತಲೇ ಮಾಡಿದ್ದೀಯ."

ಚಿಕ್ಕ ಪೇಂಟರ್ ಗೋಡೆಗೆ ಒರಗಿದ. ಅಣ್ಣನ ಬಾಯಿಂದ ಈ ಮಾತು ಬರಲಿ ಎಂದು ಅವನು ಎಷ್ಟು ವರ್ಷ ಕಾದಿದ್ದ! ಹೆಡ್ಮಾಸ್ತರ ಮುಂದೆ, ದರ್ಜಿಯ ಮುಂದೆ, ಕೊನೆಗೆ ಮನೆಯ ಅಂಗಳದಲ್ಲಾದರೂ. ಬಂತು. ಬಂದದ್ದು ಹೀಗೆ, ಕಳ್ಳನ ಕೈಗೆ ಹಾಕುವ ಬೇಡಿಯಾಗಿ.

"ಹೌದು," ಎಂದ.

ಆಮೇಲೆ ಅಣ್ಣ, "ಬಾಗಿಲು ಇಳಿಸಿ ನೋಡು. ಈ ಸಲ ಮೇಲ್ತುದಿ ನೀನು ಹಿಡ್ಕೋ. ನೋಡಿ ಆಮೇಲೆ ಫೋನ್ ಮಾಡು," ಎಂದು ಇಟ್ಟುಬಿಟ್ಟ.

ಬಿಡಾರದ ಹೆಂಗಸೂ ಅವನೂ ಸೇರಿ ಬಾಗಿಲನ್ನು ಎತ್ತಿ ಇಳಿಸಿದರು. ಗೋಣಿ ಇರಲಿಲ್ಲ. ಅಂಚಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ಅಪ್ಪನ ಹೆಸರು ನಾಲ್ಕು ಸಲ, ನಾಲ್ಕು ಇಸವಿ, ಅಪ್ಪನ ಬಾಗಿದ ಅಕ್ಷರ. ಅದರ ಪಕ್ಕದಲ್ಲಿ ಮೂರು ಇಸವಿ ಅಣ್ಣನ ಕೈಬರಹದಲ್ಲಿ. ಮೂರರ ಮುಂದೆಯೂ ಖಾಲಿ. ಹೆಸರಿಲ್ಲ. ಕೆಂಪು ಎಲ್ಲೂ ಅಳಿಸಿರಲಿಲ್ಲ, ಯಾರೂ ಕೆರೆದಿರಲಿಲ್ಲ; ಬರೆದೇ ಇರಲಿಲ್ಲ. ಅವನು ಇಪ್ಪತ್ತೊಂದು ವರ್ಷ ಹೊಟ್ಟೆ ಉರಿಸಿಕೊಂಡದ್ದು ಈ ಖಾಲಿ ಜಾಗಕ್ಕೆ.

"ನೋಡಿದ್ಯಾ?" ಎಂದ ಅಣ್ಣ, ಫೋನ್ ಒಂದೇ ಸಲ ಹೊಡೆದುಕೊಳ್ಳುವಷ್ಟರಲ್ಲಿ ಎತ್ತಿ.

"ಏನೂ ಇಲ್ವಲ್ಲ ಅಣ್ಣಾ."

"ಏನು ಬರೀಲಿ? ನನ್ನ ಹೆಸರು ಬರೆಯೋಣ ಅಂದ್ರೆ ಆ ಕೆಂಪು ನಂದಲ್ಲ. ಅಪ್ಪ ಹೊಡೆದು ಹೊಡೆದು ಕಲಿಸಿದ್ರೂ ನಂಗದು ಬರ್ಲಿಲ್ಲ, ನಿಂಗೆ ಕಲಿಸದೇ ಬಂತು. ನಿನ್ನ ಹೆಸರು ಬರೆಯೋಣ ಅಂದ್ರೆ ಹೊಟ್ಟೆ ಉರಿಯೋದು. ಇಸವಿ ಬರೆದು ಬ್ರಷ್ ಕೆಳಗಿಡ್ತಿದ್ದೆ."

"ಮತ್ತೆ ನನ್ನ ಯಾಕೆ ನೀರಿಗೆ ಕಳಿಸ್ತಿದ್ದೆ?"

"ನೀನು ಎದುರಿಗಿದ್ರೆ ನಿಂದೇ ಬರೀಬೇಕಾಗಿತ್ತಲ್ಲೋ."

ಚಿಕ್ಕ ಪೇಂಟರಿಗೆ ನಗು ಬಂತು, ಕೋಪವೂ ಬಂತು, ಮೊದಲು ಯಾವುದು ಎಂದು ಅವನಿಗೇ ತಿಳಿಯಲಿಲ್ಲ. "ಮಗಳನ್ನ ಕಳಿಸಿದ್ದೂ ಅದಕ್ಕೇನಾ?" ಎಂದು ಕೇಳಿದ. ಅಣ್ಣ, "ಹೂಂ. ಬಾಗಿಲು ನಿನ್ನ ಕೈಗೆ ಸಿಗಬಾರದು ಅಂತ," ಎಂದ. ಆಮೇಲೆ, "ಅವಳಿಗೆ ನೀನೇ ಹೇಳು. ನಾನು ಹೇಳಲ್ಲ," ಎಂದ.

ಹೇಳಿದ. ಕಟ್ಟೆಯ ಮುಂದೆ ನಿಂತು, ಡ್ರೈಯರ್ ಬಾಟಲಿ ತೋರಿಸಿ, ಇದನ್ನು ಹಾಕಲಿಲ್ಲ, ಬೇಕಂತಲೇ, ನಿನಗೆ ಕೆಟ್ಟ ಹೆಸರು ಬರಲಿ ಅಂತ, ಎಂದು ಒಂದೇ ಉಸಿರಿನಲ್ಲಿ. ಅವಳು ಬಾಟಲಿ ನೋಡಿದಳು, ಅವನನ್ನು ನೋಡಿದಳು. ಕಿರುಚಲಿಲ್ಲ. ಕೆರೆಯುವ ಪಟ್ಟಿಯೊಂದನ್ನು ಎತ್ತಿ ಅವನ ಕೈಗಿಟ್ಟು, "ಉತ್ತರದ ಕಡೆಯಿಂದ ಶುರು ಮಾಡಿ," ಎಂದಳು. ಮುಂದಿನ ಎರಡು ದಿನ ಅವಳ ಬಾಯಲ್ಲಿ ಚಿಕ್ಕಪ್ಪ ಎಂಬ ಮಾತು ಬರಲಿಲ್ಲ. "ಅದು ಕೊಡಿ", "ಇದು ಹಿಡೀರಿ", ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎಂದು ಅವನು ಇಪ್ಪತ್ತನಾಲ್ಕು ಕದವನ್ನೂ ಮರದವರೆಗೆ ಕೆರೆದ, ಟರ್ಪೆಂಟೈನ್ ಬಟ್ಟೆ ಹಿಡಿದು ದಿಮ್ಮಿಗಳ ಕಲೆ ತಿಕ್ಕಿದ. ಬೆರಳ ಸಂದಿ ಒಡೆದು ರಕ್ತ ಬಂತು. ಮತ್ತೆ ಬೆರೆಸಿದ, ಈ ಸಲ ಎರಡು ಮುಚ್ಚಳ ಹಾಕುವಾಗ ಅವಳನ್ನು ಕರೆದು ತೋರಿಸಿ ಹಾಕಿದ. ಮೂರನೆಯ ದಿನ ಕದಗಳು ಒಣಗಿದವು. ಹಿಮದ ನಡುವೆ ಕೆಂಪು ಎದ್ದು ಕಂಡಿತು.

"ಬಂತು ಚಿಕ್ಕಪ್ಪ," ಎಂದಳು ಅವಳು, ಬಾಯಿತಪ್ಪಿ.

ಕೊನೆಗೆ ಬಾಗಿಲು. ಅದೂ ಒಣಗಿತು. ಅವಳು ಅಂಚಿನಲ್ಲಿ ಈ ವರ್ಷದ ಇಸವಿ ಬರೆದು ಸಣ್ಣ ಬ್ರಷ್ಷನ್ನು ಅವನ ಕೈಗೆ ಕೊಟ್ಟಳು. "ಬರೀರಿ. ಅಪ್ಪ ನಿಮಗೇ ಕೊಡು ಅಂದ್ರು." ಸವೆದ ಬ್ರಷ್, ಅಂಚು ನೇರ ಬರುವಂಥದ್ದು. ಅವನು ಅದನ್ನು ಕೆಂಪಿನಲ್ಲಿ ಅದ್ದಿದ. ಆಮೇಲೆ ಅವನ ಬಾಯಿಂದ, ತಾನಾಗಿಯೇ ಎಂಬಂತೆ, ಒಂದು ಮಾತು ಬಂತು.

"ಡಬ್ಬಿ ತಗೊಂಡು ಹೋಗಿ ತೊರೆಯಿಂದ ನೀರು ತಗೊಂಡು ಬಾ."

ಅವಳು ಡಬ್ಬಿ ಎತ್ತಿಕೊಂಡು ಸಲಿಕೆಯಲ್ಲಿ ಮಾಡಿದ ದಾರಿಗುಂಟ ಇಳಿದಳು. ಚಿಕ್ಕ ಪೇಂಟರ್ ಆ ಬೆನ್ನನ್ನು ನೋಡಿದ. ಮೂರು ಸಲ ಅಣ್ಣ ನೋಡಿದ್ದು ಇದನ್ನೇ. ನಿಜ ಹೇಳಬೇಕೆಂದರೆ ಅವಳು ಬರುವಷ್ಟರಲ್ಲಿ ನಾಲ್ಕೂ ಇಸವಿಯ ಮುಂದೆ ತನ್ನ ಹೆಸರೊಂದನ್ನೇ ಬರೆದು ಗೋಣಿ ಸುತ್ತಿಬಿಡುವ ಆಸೆ ಅವನಿಗೆ ಬಂದಿತ್ತು. ಬ್ರಷ್ಷಿನ ತುದಿಯಿಂದ ಒಂದು ತೊಟ್ಟು ಹಿಮದ ಮೇಲೆ ಬಿತ್ತು.

"ಏ ಮಗಳೇ! ನೀರು ಬೇಡ, ಬಾ ಇಲ್ಲಿ!" ಎಂದು ಕೂಗಿದ.

ಅವಳು ಖಾಲಿ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬಂದಳು. ಅವನು ಬ್ರಷ್ಷನ್ನು ಅವಳ ಕೈಗೆ ಕೊಟ್ಟ. "ಈ ವರ್ಷದ್ದು ನಿಂದು. ಬಣ್ಣ ಕೆಡಿಸಿದವನು ಹೆಸರು ಬರೆಯೋ ಹಾಗಿಲ್ಲ. ಹಿಂದಿನ ಮೂರಕ್ಕೂ ನಮ್ಮಿಬ್ಬರದ್ದೂ ಬರಿ, ನಿಮ್ಮಪ್ಪಂದು, ನಂದು."

ಅವಳು ತನ್ನ ಹೆಸರು ಬರೆದಳು. ಅಕ್ಷರ ಮುತ್ತಿನ ಹಾಗಿತ್ತು. ಅದಕ್ಕೂ ಅವನಿಗೆ ಒಂದು ಕ್ಷಣ ಹೊಟ್ಟೆ ಚುರುಕ್ಕೆಂದಿತು. ಆಮೇಲೆ ಇಪ್ಪತ್ತೊಂದು ವರ್ಷದ ಹಿಂದಿನ ಇಸವಿಯ ಮುಂದೆ ಬ್ರಷ್ ಇಟ್ಟು ತಲೆಯೆತ್ತಿದಳು.

"ಯಾರದ್ದು ಮೊದಲು ಚಿಕ್ಕಪ್ಪ?"

ಬಿಡಾರದ ಹೆಂಗಸು ಸಲಿಕೆಗೆ ಒರಗಿ ನಿಂತು ನೋಡುತ್ತಿದ್ದಳು. ಬ್ರಷ್ಷಿನ ಬಣ್ಣ ಗಟ್ಟಿಯಾಗುತ್ತ ಬಂತು.

"ಅಣ್ಣಂದೇ ಮೊದಲು," ಎಂದ ಕೊನೆಗೆ. ಅವಳು ಬರೆಯಲು ಬಾಗಿದಾಗ ಹತ್ತಿರ ಬಂದು, ಹೆಂಗಸಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ನಂದನ್ನ ಸ್ವಲ್ಪ ದಪ್ಪಗೆ ಬರಿ," ಎಂದ.